ತೂತು ಬೀಳಲೆಂದು ಅಂಟಿಸುವ ಹಾಳೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎದುರುಗಡೆಯ ಬೇಕರಿಯವನು ಷಟರ್ ಎತ್ತುವ ಮೊದಲೇ ಗುಳ್ಳಕ್ಕ ಕೆಲಸಕ್ಕೆ ಕೂತುಬಿಟ್ಟಿದ್ದಾರೆ. ತಲೆಗೆ ಟೋಪಿ, ಮೂಗು-ಬಾಯಿಗೆ ಮಾಸ್ಕು, ಕೈಗೆ ಗ್ಲೌಸು, ಕುತ್ತಿಗೆಯಿಂದ ಪಾದದವರೆಗೆ ಬಿಳಿಯ ನಿಲುವಂಗಿ. ಮನುಷ್ಯರೆಂದು ಗುರುತು ಹಿಡಿಯಲು ಉಳಿದಿರುವುದು ಎರಡು ಕಣ್ಣು ಮಾತ್ರ. ಮೇಜಿನ ಮೇಲೆ ಊಟದ ತಟ್ಟೆಯಷ್ಟು ಅಗಲದ ಒಂದು ಲೋಹದ ತಗಡು. ಕೈಯಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ, ಹೆಚ್ಚುಕಡಿಮೆ ಅದೇ ಬಣ್ಣದ ಒಂದು ಹಾಳೆ. ಹಾಳೆಯ ಅಂಚನ್ನು ತಗಡಿಗೆ ತಾಗಿಸಿ, ರಬ್ಬರಿನ ಪಟ್ಟಿಯಿಂದ ಒತ್ತುತ್ತಾ, ಬೆರಳ ಗೆಣ್ಣಿನಷ್ಟು ಬೆರಳ ಗೆಣ್ಣಿನಷ್ಟೇ ಮುಂದಕ್ಕೆ ಹೋಗುತ್ತಿದ್ದಾರೆ.

ಇವರ ಬಗ್ಗೆ ಬರೆಯಲು ಬಂದಿರುವ ನಾನು ಸುಮ್ಮನಿರಲಾರದೆ, "ಎಷ್ಟು ವರ್ಷದಿಂದ ಈ ಕೆಲಸ?" ಎಂದು ಬಾಯಿ ಬಿಡುತ್ತೇನೆ. ಅವರು ತಲೆ ಎತ್ತುವುದಿಲ್ಲ. ಎಡಗೈಯ ಒಂದು ಬೆರಳು ಮಾತ್ರ ಮೇಲೆದ್ದು, ತರಗತಿಯಲ್ಲಿ ಗಲಾಟೆ ಮಾಡಿದವರಿಗೆ ತೋರಿಸುವಂತೆ ನನಗೆ ತೋರಿಸಿ, ಕೆಳಗಿಳಿಯುತ್ತದೆ. ಬಾಯಿಗೆ ಬೀಗ ಹಾಕಿಕೊಂಡು ಗೋಡೆಗೆ ಒರಗಿ ನಿಲ್ಲುತ್ತೇನೆ.

ಕೊನೆಯ ಅಂಚು ಕೂತ ಮೇಲೆ ಅವರು ಹಿಂದಕ್ಕೆ ಸರಿದು, ಒಂದು ದೊಡ್ಡ ಉಸಿರು ಬಿಡುತ್ತಾರೆ. "ಬೇಜಾರ್ ಮಾಡ್ಕೋಬೇಡಿ. ಹಾಳೆ ಪೂರ್ತಿ ಕೂರೋವರೆಗೂ ನಾನು ಜೋರಾಗಿ ಉಸಿರೂ ಬಿಡಲ್ಲ. ನಿಮ್ಮ ಬಾಯಿಂದ ಒಂದು ಹನಿ ಹಾರಿ ಬಿದ್ರೆ ಬೆಳಗಿನ ಕೆಲಸ ಎಲ್ಲ ಮಣ್ಣುಪಾಲು," ಎಂದು ನಗುತ್ತಾರೆ. ನಕ್ಕದ್ದು ಕಣ್ಣಿನ ಸುಕ್ಕಿನಲ್ಲಿ ಗೊತ್ತಾಗುತ್ತದೆ. ಹೊತ್ತೇರಿದರೆ ಹೊರಗೆ ಲಾರಿಗಳು ಓಡಾಡಿ ಮೇಜು ಅದುರುತ್ತದೆ. ಅದಕ್ಕೇ ಅವರ ಅರ್ಧ ದಿನದ ಕೆಲಸ ಊರು ಏಳುವ ಮೊದಲೇ ಮುಗಿದಿರುತ್ತದೆ.

ಇದು ಬಾಹ್ಯಾಕಾಶದ ಕೆಲಸ ಎಂದರೆ ನಂಬುವುದು ಕಷ್ಟ. ದೊಡ್ಡ ಪರದೆ, ಎಣಿಕೆ ಮುಗಿಯುತ್ತಿದ್ದಂತೆ ಚಪ್ಪಾಳೆ, ಇಂಥದ್ದನ್ನೆಲ್ಲ ನಿರೀಕ್ಷಿಸಿಕೊಂಡು ಬಂದವರಿಗೆ ಇಲ್ಲಿ ಸಿಗುವುದು ಎರಡು ಮೇಜು, ಒಂದು ಒಲೆಯಂಥ ಪೆಟ್ಟಿಗೆ, ಗಾಳಿ ಸೋಸುವ ಯಂತ್ರದ ಒಂದೇ ಸಮನೆ ಗುಂಯ್‌ಗುಡುವಿಕೆ. ಆದರೆ ಇಲ್ಲಿ ಅಂಟಿಸಿದ ಹಾಳೆ ಭೂಮಿಯನ್ನು ಸುತ್ತುವ ನೌಕೆಗಳ ಹೊರಮೈಗೆ ಹೋಗಿ ಕೂರುತ್ತದೆ. ಅಲ್ಲಿ ಮೇಲೆ ಕಸ ಬಹಳ. ಹಳೆಯ ಉಪಗ್ರಹಗಳ ಚೂರು, ಕಳಚಿಕೊಂಡ ಸ್ಕ್ರೂ, ಎದ್ದುಹೋದ ಬಣ್ಣದ ಚಕ್ಕೆ. ಅದರ ಜೊತೆಗೆ ಸೃಷ್ಟಿಯೇ ಉದುರಿಸಿದ ಧೂಳು. ದೊಡ್ಡ ಚೂರುಗಳನ್ನು ನೆಲದಿಂದಲೇ ಕಾಣಬಹುದು, ನೌಕೆಯನ್ನು ಪಕ್ಕಕ್ಕೆ ಸರಿಸಬಹುದು. ಸಾಸಿವೆ ಕಾಳಿಗಿಂತ ಸಣ್ಣದನ್ನು ಯಾವ ಕಣ್ಣೂ ಹಿಡಿಯಲಾರದು. ಬಂದೂಕಿನ ಗುಂಡಿಗೂ ಮೀರಿದ ವೇಗದಲ್ಲಿ ಬರುವ ಆ ಕಾಳು ಎಷ್ಟಿವೆ, ಎಲ್ಲಿವೆ ಎಂದು ತಿಳಿಯಲು ಇರುವ ನೇರವಾದ ದಾರಿ ಒಂದೇ. ಬಂದು ಬಡಿಯಲಿ ಎಂದು ಮೈಯೊಡ್ಡಿ ಕೂರುವುದು.

ಗುಳ್ಳಕ್ಕನ ಹಾಳೆ ಹಾಗೆ ಮೈಯೊಡ್ಡುವ ಹಾಳೆ. ಅದರ ತುಂಬ ಕೂದಲಿಗಿಂತ ಸಣ್ಣ ತಾಮ್ರದ ಗೆರೆಗಳಿವೆ. ಒಂದೊಂದರಲ್ಲೂ ಒಂದಿಷ್ಟು ಕರೆಂಟು ಹರಿಯುತ್ತಿರುತ್ತದೆ. ಕಾಳೊಂದು ಬಂದು ಹಾಳೆಯನ್ನು ತೂರಿಹೋದರೆ ಅಲ್ಲಿನ ಗೆರೆಗಳು ತುಂಡಾಗುತ್ತವೆ, ಆ ಗೆರೆಗಳ ಕರೆಂಟು ನಿಲ್ಲುತ್ತದೆ. ಎಷ್ಟು ಗೆರೆ ಹೋದವು ಎಂಬುದರ ಮೇಲೆ ತೂತಿನ ಅಗಲ ಕೆಳಗಿದ್ದವರಿಗೆ ಗೊತ್ತಾಗುತ್ತದೆ. ಮುಂದಿನ ನೌಕೆಯ ಗೋಡೆ ಎಷ್ಟು ದಪ್ಪ ಇರಬೇಕು, ಒಳಗಿರುವ ಮನುಷ್ಯರು ಎಷ್ಟು ನಿಶ್ಚಿಂತೆಯಿಂದ ಮಲಗಬಹುದು ಎಂದು ಲೆಕ್ಕ ಹಾಕುವುದು ಇದರ ಮೇಲೆ.

"ಬೇರೆ ಎಲ್ಲಾರೂ ತಾವು ಮಾಡಿದ್ದು ಹಾಳಾಗ್ದೆ ಇರ್ಲಿ ಅಂತಾರೆ. ನಾವು ಮಾತ್ರ, ಅಯ್ಯೋ ಒಂದಾದ್ರೂ ತೂತು ಬೀಳ್ಲಿ ಅಂತ ಕಾಯ್ತೀವಿ. ಎಂಥ ಬಾಳು ನೋಡಿ!"

ಹಾಗೆಂದು ಈ ಕೋಣೆಯಲ್ಲಿ ಯಾರೂ 'ತೂತು ಬಿತ್ತು' ಎನ್ನುವುದಿಲ್ಲ. ಮೇಜಿನ ಮೇಲಿರುವಾಗ ಬಿದ್ದರೆ ಮಾತ್ರ ಅದು ತೂತು, ಬೈಗುಳ ಗ್ಯಾರಂಟಿ. ಮೇಲೆ ಹೋದಮೇಲೆ ಬಿದ್ದರೆ 'ಸಿಕ್ತು' ಎನ್ನಬೇಕು. ಯಾರ ಹಾಳೆಗೆ ಸಿಕ್ಕಿತೋ ಅವರು ಅವತ್ತು ಎಲ್ಲರಿಗೂ ಟೀ ಕುಡಿಸಬೇಕು. ಮೂರನೆಯದೂ ಒಂದಿದೆ. ಅದನ್ನು ಇಲ್ಲಿ ದನಿ ತಗ್ಗಿಸಿಯೇ ಹೇಳುತ್ತಾರೆ: 'ಉಸಿರು'. ಅಂಟಿಸುವಾಗ ಹಾಳೆಯ ಕೆಳಗೆ ಕಣ್ಣಿಗೆ ಕಾಣದಷ್ಟು ಗಾಳಿ ಉಳಿದುಬಿಟ್ಟರೆ, ಅದಕ್ಕೆ ಉಸಿರು ಉಳಿಯಿತು ಎನ್ನುತ್ತಾರೆ. ನೆಲದ ಮೇಲೆ ಅದು ಏನೂ ಮಾಡುವುದಿಲ್ಲ. ಗಾಳಿಯೇ ಇಲ್ಲದ ಕಡೆ ಹೋಗಿ, ಬಿಸಿಲಿಗೆ ಕಾದು ನೆರಳಿಗೆ ಹೆಪ್ಪುಗಟ್ಟಿದರೆ, ಗುಳ್ಳೆಯಾಗಿ ಉಬ್ಬಿ, ಮೊದಲ ಒಂದು ವಾರದೊಳಗೆ ಪಟ್ಟೆಂದು ಒಡೆಯುತ್ತದೆ. ಆಗಲೂ ಗೆರೆಗಳು ತುಂಡಾಗುತ್ತವೆ. ಕೆಳಗಿರುವ ಯಂತ್ರಕ್ಕೆ ಅದಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಗುಳ್ಳಕ್ಕನಿಗೆ ಆ ಅಡ್ಡಹೆಸರು ಬಂದದ್ದೂ ಅದರಿಂದಲೇ. ಅವರು ಅಂಟಿಸಿದ ಮೊಟ್ಟಮೊದಲ ಹಾಳೆ ಮೇಲೆ ಹೋದ ನಾಲ್ಕೇ ದಿನಕ್ಕೆ ಗೆರೆ ಕಡಿದ ಸುದ್ದಿ ಬಂತು. ಸಿಕ್ತು ಸಿಕ್ತು ಎಂದು ಕುಣಿದು, ಇಡೀ ಕಟ್ಟಡಕ್ಕೆ ಟೀ ಹಂಚಿದರು. ಮಾರನೆಯ ದಿನ ಬೇರೆ ಕಡೆ ಇನ್ನೊಂದು, ಅದರ ಮಾರನೆಯ ದಿನ ಮತ್ತೆರಡು. ಆಕಾಶ ಇವರೊಬ್ಬರ ಹಾಳೆಯ ಮೇಲೆಯೇ ಇಷ್ಟು ಪ್ರೀತಿ ತೋರಿಸುವುದು ಸಾಧ್ಯವಿಲ್ಲ ಎಂದು ಕೊನೆಗೆ ಎಲ್ಲರಿಗೂ ಹೊಳೆಯಿತು. "ಅತ್ತಿಗೆ ನನ್ನ ಮುಖ ನೋಡಿ, 'ಬಾರೇ ಗುಳ್ಳೆ' ಅಂದ್ರು. ಅಷ್ಟೇ, ಅವತ್ತಿಂದ ನನ್ನ ನಿಜವಾದ ಹೆಸರು ಸಂಬಳದ ಚೀಟಿಲಿ ಮಾತ್ರ."

ಅತ್ತಿಗೆ ಎಂದರೆ ಅವರ ಅಣ್ಣನ ಹೆಂಡತಿ. ಈ ಕೆಲಸಕ್ಕೆ ಕರೆತಂದವರು, ಕಲಿಸಿದವರು, ಬೈದವರು, ಎಲ್ಲ ಅವರೇ. ಅದಕ್ಕೆ ಮುಂಚೆ ಗುಳ್ಳಕ್ಕ ಒಂದು ಇಸ್ತ್ರಿ ಅಂಗಡಿಯಲ್ಲಿದ್ದರು. ಗಂಡ ದೂರವಾಗಿ, ಕೈಗೂಸಿನೊಂದಿಗೆ ಅಣ್ಣನ ಮನೆಗೆ ಬಂದಿದ್ದ ಕಾಲ. ಬಟ್ಟೆಯ ಸುಕ್ಕನ್ನು ಅವರು ಕೈಯಲ್ಲೇ ಸವರಿ ತೆಗೆಯುವುದನ್ನು ನೋಡಿದ ಅತ್ತಿಗೆ, 'ನಾಳೆ ನನ್ನ ಜೊತೆ ಬಾ' ಎಂದರಂತೆ. ಎಲ್ಲಿಗೆ, ಏನು ಎಂದು ಹೇಳಲಿಲ್ಲ. ಬಂದಮೇಲೆ ಮೊದಲ ತಿಂಗಳು ಹಾಳೆ ಮುಟ್ಟಲೂ ಬಿಡಲಿಲ್ಲ. ಬರಿಯ ಉಸಿರಾಡುವುದನ್ನು ಕಲಿಸಿದರು.

"ನಗ್ಬೇಡಿ, ನಿಜ. ಮೂಗಲ್ಲಿ ಎಳ್ಕೋ, ಹಿಡ್ಕೋ, ಪಟ್ಟಿ ಎಳಿ, ಪಕ್ಕಕ್ಕೆ ತಿರುಗಿ ಬಿಡು. ಮನೇಲಿ ಮುದ್ದೆ ಬಟ್ಟೆ ಮಡಚ್ವಾಗ್ಲೂ ನಂಗೆ ಹಾಗೇ ಬರೋದು. ನಮ್ಮಣ್ಣ, 'ಇಬ್ರೂ ಮೀನು ಆಗ್ಬಿಟ್ರಿ' ಅಂತ ರೇಗಿಸ್ತಿದ್ದ."

ಕೆಲಸದ ಕಷ್ಟಗಳನ್ನು ಕೇಳಿದರೆ ಅವರು ದೊಡ್ಡ ದೊಡ್ಡದನ್ನು ಹೇಳುವುದಿಲ್ಲ. ಪೌಡರ್ ಹಾಕುವಂತಿಲ್ಲ, ಕೈಗೆ ಎಣ್ಣೆ ಸವರುವಂತಿಲ್ಲ. ನೆಗಡಿಯಾದರೆ ಒಳಗೆ ಬಿಡುವುದಿಲ್ಲ, ಒಳಗೆ ಬಿಡದಿದ್ದರೆ ಆ ದಿನದ ಕೂಲಿ ಇಲ್ಲ. ಕತ್ತು ಹಿಡಿದುಕೊಳ್ಳುತ್ತದೆ. ಕೆಲಸ ಖಾಯಂ ಅಲ್ಲ. ಪ್ರತಿ ವರ್ಷ ಹೊಸದಾಗಿ ಸೇರಿದಂತೆ ಸಹಿ ಹಾಕಬೇಕು. ದಿನಕ್ಕೆ ಕೈತುಂಬ ಕೆಲಸವಿದ್ದರೆ ಎರಡು ಹಾಳೆ, ಕೈ ಸರಿಯಿಲ್ಲದ ದಿನ ಅರ್ಧ. ಮತ್ತೆ ಎಲ್ಲಕ್ಕಿಂತ ದೊಡ್ಡ ಕಷ್ಟವನ್ನು ಅವರು ಕಷ್ಟ ಎಂದು ಹೇಳದೆ ಸುಮ್ಮನೆ ಹೇಳಿಬಿಡುತ್ತಾರೆ: ಕಳಿಸಿದ ಹಾಳೆ ಯಾವುದೂ ವಾಪಸ್ ಬರುವುದಿಲ್ಲ. ನೌಕೆಯ ಆಯಸ್ಸು ಮುಗಿದಾಗ ಅದರ ಜೊತೆಗೇ ಉರಿದುಹೋಗುತ್ತದೆ. ಸಿಕ್ತು ಎಂದು ಕೇಳಿದ್ದಾರೆಯೇ ಹೊರತು, ಸಿಕ್ಕಿದ್ದು ಹೇಗಿರುತ್ತದೆ ಎಂದು ಈ ಕೋಣೆಯ ಯಾರೂ ಇಷ್ಟು ವರ್ಷದಲ್ಲಿ ಕಣ್ಣಾರೆ ನೋಡಿಲ್ಲ.

ಇವತ್ತಿನವರೆಗೆ ನೋಡಿಲ್ಲ, ಎನ್ನಬೇಕು. ಯಾಕೆಂದರೆ ಇವತ್ತು ಒಂದು ಹಾಳೆ ವಾಪಸ್ ಬಂದಿದೆ. ಮೇಲಿದ್ದ ಗಗನಯಾತ್ರಿಗಳು ರಿಪೇರಿಗೆಂದು ಹೊರಗೆ ಹೋದಾಗ ಒಂದು ಹಳೆಯ ತಗಡನ್ನು ಬಿಚ್ಚಿಕೊಂಡು, ತಮ್ಮ ಜೊತೆಗೇ ಕೆಳಗೆ ತಂದಿದ್ದಾರೆ. ಪಕ್ಕದ ಕಟ್ಟಡದಲ್ಲಿ ಅದರ ಪೆಟ್ಟಿಗೆ ಬಿಚ್ಚುವುದಕ್ಕೆ ಹನ್ನೊಂದು ಗಂಟೆ ಆಗಬೇಕು. ಬೆಳಗಿನಿಂದ ಗುಳ್ಳಕ್ಕನ ಕಣ್ಣು ಹಾಳೆ ಬಿಟ್ಟಾಗಲೆಲ್ಲ ಗೋಡೆ ಗಡಿಯಾರದ ಮೇಲೆ. ಆ ತಗಡಿನ ಬಲ ಅರ್ಧ ಅವರು ಅಂಟಿಸಿದ್ದು. ಎಡ ಅರ್ಧ ಅತ್ತಿಗೆ ಅಂಟಿಸಿದ್ದು. ಅತ್ತಿಗೆಯ ಕೊನೆಯ ಹಾಳೆ ಅದು.

ಅದನ್ನು ಅಂಟಿಸುವ ಹೊತ್ತಿಗಾಗಲೇ ಅತ್ತಿಗೆಗೆ ಉಬ್ಬಸ ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಪಟ್ಟಿ ಎಳೆಯುತ್ತಾ ನಡುನಡುವೆ ನಿಲ್ಲಿಸುತ್ತಿದ್ದರು, ಕೇಳಿದರೆ ಸೊಂಟ ನೋವು ಎನ್ನುತ್ತಿದ್ದರು. ತಗಡು ಮೇಲೆ ಹೋಯಿತು. ಮೊದಲ ವಾರ ಮುಗಿಯುವ ಮುಂಚೆ ಎಡಗಡೆಯಲ್ಲಿ ಅಕ್ಕಪಕ್ಕದ ಮೂರು ಗೆರೆ ಒಟ್ಟಿಗೆ ನಿಂತವು. ಬಂದ ಸಂಕೇತಗಳನ್ನು ಪರೀಕ್ಷಿಸುವ ವಿಜ್ಞಾನಿಗೆ ಇಲ್ಲಿ 'ಅನುಮಾನದ ಮೇಷ್ಟ್ರು' ಎಂದು ಹೆಸರು. ಪೂರ್ತಿ ಖಾತ್ರಿಯಾಗದೆ ಅವರು ಯಾವುದಕ್ಕೂ ಹೂಂ ಎನ್ನುವವರಲ್ಲ. ಮೊದಲ ವಾರದಲ್ಲೇ ಬಂದದ್ದರಿಂದ ಅವರು ಅದರ ಮುಂದೆ ತಮ್ಮ ಪದ್ಧತಿಯಂತೆ 'ಅನುಮಾನ' ಎಂದು ಬರೆದರು. ಸಿಕ್ತು ಎಂದಲ್ಲ, ಉಸಿರು ಎಂದೂ ಅಲ್ಲ.

ಅತ್ತಿಗೆ ಮಾತ್ರ ಅದನ್ನು ಉಸಿರು ಎಂದೇ ಓದಿಕೊಂಡರು.

"ಆವಾಗ ನಾನೊಂದು ಮಾತು ಅಂದೆ," ಎನ್ನುವಾಗ ಗುಳ್ಳಕ್ಕ ಮಾಸ್ಕು ಕೆಳಗೆಳೆದುಕೊಳ್ಳುತ್ತಾರೆ. ಈಗ ಟೀ ಹೊತ್ತು, ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದೇವೆ. "ತಮಾಷೆಗೆ. ಇಷ್ಟು ವರ್ಷ ನನ್ನ ಕಾಲೆಳೆದಿದ್ರಲ್ಲ. ಎಲ್ಲರ ಮುಂದೆ, 'ಬನ್ನಿ ಅತ್ತಿಗೆ, ಇವತ್ತಿಂದ ನೀವೂ ಗುಳ್ಳೆ' ಅಂದೆ. ಎಲ್ಲಾರೂ ನಕ್ರು. ಅವರೂ ನಕ್ರು. ಗ್ಲೌಸ್ ಬಿಚ್ಚಿ ಮೇಜಿನ ಮೇಲೆ ಇಟ್ರು. ಮಾರನೇ ದಿನ ಬರ್ಲಿಲ್ಲ."

ಆಮೇಲೆ ಬರಲೇ ಇಲ್ಲ. ಉಬ್ಬಸ ಜೋರಾಯಿತು, ಹಾಸಿಗೆ ಹಿಡಿದರು, ಅದೇ ವರ್ಷ ತೀರಿಕೊಂಡರು. ಮಲಗಿದಲ್ಲೇ ಬಲಗೈ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡುತ್ತಿದ್ದರಂತೆ. 'ಈ ಕೈ ನನಗೆ ಮೋಸ ಮಾಡ್ತು ಕಣೇ' ಎನ್ನುತ್ತಿದ್ದರಂತೆ. "ನಾನು, ಇಲ್ಲ ಅತ್ತಿಗೆ, ಅದು ಸಿಕ್ಕಿದ್ದೇ ಇರ್ಬೇಕು ಅಂತಿದ್ದೆ. ಸಮಾಧಾನಕ್ಕೆ ಹೇಳ್ತಿದೀನಿ ಅಂತ ಅವರಿಗೆ ಗೊತ್ತಾಗ್ತಿತ್ತು. ನಿಜವಾಗ್ಲೂ ಸಮಾಧಾನಕ್ಕೇ ಹೇಳ್ತಿದ್ದೆ, ನಂಗೂ ಗೊತ್ತಿರ್ಲಿಲ್ಲ ಅಲ್ವಾ?" ಗುಳ್ಳಕ್ಕನ ಟೀ ಲೋಟದಲ್ಲಿ ಕೆನೆ ಕಟ್ಟಿದೆ. ಮೇಷ್ಟ್ರು ಕರೆಯುತ್ತಿದ್ದಾರೆ ಎಂದು ಯಾರೋ ಬಂದು ಹೇಳಿದಾಗ ಅವರು ಅದನ್ನು ಹಾಗೆಯೇ ಬಿಟ್ಟು ಏಳುತ್ತಾರೆ.

ಅನುಮಾನದ ಮೇಷ್ಟ್ರು ಎಂದರೆ ಗಂಟುಮುಖದವರು ಎಂದು ನಾನು ಅಂದುಕೊಂಡಿದ್ದೆ. ನೋಡಿದರೆ ಮೆತ್ತಗಿನ ಮನುಷ್ಯ, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದಾರೆ. "ಬನ್ನಿ ಅಮ್ಮ, ನೀವಿಲ್ದೆ ಬಿಚ್ಚೋದು ಸರಿಯಲ್ಲ ಅನ್ನಿಸ್ತು," ಎಂದು ಗುಳ್ಳಕ್ಕನಿಗೆ ಮುಂದಿನ ಸ್ಟೂಲು ತೋರಿಸುತ್ತಾರೆ. ಪೆಟ್ಟಿಗೆಯಿಂದ ತಗಡು ಹೊರಬರುತ್ತದೆ. ಹೊರಟಾಗ ಈರುಳ್ಳಿ ಸಿಪ್ಪೆಯ ಬಣ್ಣವಿದ್ದ ಹಾಳೆ ಈಗ ಕಾಫಿ ಚೆಲ್ಲಿದ ಕಾಗದದಂತೆ ಕಂದಿದೆ. ಗುಳ್ಳಕ್ಕ ಎರಡೂ ಕೈಯನ್ನು ಮಡಿಲಲ್ಲಿ ಹಿಡಿದುಕೊಂಡು ಕೂರುತ್ತಾರೆ. ಮುಟ್ಟುವ ಆಸೆ ಆ ಕೈಗಳಲ್ಲಿ ಎದ್ದು ಕಾಣುತ್ತದೆ, ಪಾಪ ಅನ್ನಿಸುತ್ತದೆ.

ಮೊದಲು ಬಲಗಡೆ. ಸೂಕ್ಷ್ಮದರ್ಶಕದ ಚಿತ್ರ ಪರದೆಯ ಮೇಲೆ ನಿಧಾನಕ್ಕೆ ಸರಿಯುತ್ತದೆ. ಗೆರೆ, ಗೆರೆ, ಗೆರೆ. ಏನೂ ಇಲ್ಲ. ಗುಳ್ಳಕ್ಕನ ಅರ್ಧ ಮೇಲೆ ಹೋದ ಹಾಗೆಯೇ ಕೆಳಗೆ ಬಂದಿದೆ. "ನಂದಿರ್ಲಿ, ಆ ಕಡೆ ತೋರಿಸಿ ಮೇಷ್ಟ್ರೇ," ಎನ್ನುತ್ತಾರೆ. ಚಿತ್ರ ಎಡಗಡೆಗೆ ಹೊರಳುತ್ತದೆ. ಉಸಿರಾದರೆ ಹಾಳೆ ಒಳಗಿನಿಂದ ಸೀಳಿ, ತುಟಿಯ ಹಾಗೆ ಮೇಲಕ್ಕೆ ಎದ್ದಿರುತ್ತದೆ ಎಂದು ಮೇಷ್ಟ್ರು ನನಗೆ ಮೊದಲೇ ಹೇಳಿದ್ದರು. ಹೊರಗಿನಿಂದ ಬಂದದ್ದಾದರೆ ಗುಂಡಗಿರುತ್ತದೆ, ಅಂಚು ಕರಗಿ ಗಟ್ಟಿಯಾಗಿರುತ್ತದೆ.

ಪರದೆಯ ಮೂಲೆಯಿಂದ ಅದು ಬಂತು. ಗುಂಡಗೆ. ಕಪ್ಪಗೆ. ಸುತ್ತ ಕರಗಿದ ಅಂಚು ಉಂಗುರದಂತೆ ಹೊಳೆಯುತ್ತಿದೆ. ಮೂರು ತಾಮ್ರದ ಗೆರೆಗಳು ಅದರ ಬಾಯಿಯವರೆಗೆ ಬಂದು ನಿಂತು, ಆಚೆ ಬದಿಯಿಂದ ಮತ್ತೆ ಹೊರಟಿವೆ.

ಮೇಷ್ಟ್ರು ಕನ್ನಡಕವನ್ನು ಹಣೆಯಿಂದ ಇಳಿಸಿ, ಬಗ್ಗಿ, ಬಹಳ ಹೊತ್ತು ನೋಡುತ್ತಾರೆ. ಅವರು ಬಾಯಿ ತೆರೆಯುವುದಕ್ಕೆ ಕಾಯದೆ ಗುಳ್ಳಕ್ಕ ಸ್ಟೂಲಿನಿಂದ ಎದ್ದು ನಿಂತು, ಆ ಕಟ್ಟಡದಲ್ಲಿ ಯಾರೂ ಎತ್ತದಷ್ಟು ಜೋರು ದನಿಯಲ್ಲಿ, "ಸಿಕ್ತು! ಅತ್ತಿಗೆಗೆ ಸಿಕ್ತು!" ಎನ್ನುತ್ತಾರೆ. ಆಮೇಲೆ ಅಳು. ಮಾಸ್ಕಿನ ಒಳಗೇ ಅಳುತ್ತಾರೆ, ಒರೆಸಿಕೊಳ್ಳಲು ಗ್ಲೌಸು ಅಡ್ಡ. "ಎಲ್ಲಾದ್ರಲ್ಲೂ ಅವರೇ ಮೊದಲು. ಇದ್ರಲ್ಲೂ ನಂಗೆ ಬಿಡ್ಲಿಲ್ಲ ನೋಡಿ," ಎಂದು ಅಳುತ್ತಲೇ ನಗುತ್ತಾರೆ.

"ನಾನು ಅನುಮಾನ ಅಂತ ಬರೆದಿದ್ದು ಅನುಮಾನ ಅಂತಲೇ ಅಮ್ಮ. ತಪ್ಪು ಅಂತ ಅಲ್ಲ," ಎಂದು ಮೇಷ್ಟ್ರು ಮೆಲ್ಲಗೆ ಹೇಳುತ್ತಾರೆ. "ಅವರು ಕೇಳಿದ್ರೆ ಹೇಳ್ತಿದ್ದೆ. ಕೇಳ್ಲೇ ಇಲ್ಲ."

"ನಮ್ಮಂಥೋರು ಹೋಗಿ ಕೇಳಲ್ಲ ಮೇಷ್ಟ್ರೇ," ಎನ್ನುತ್ತಾರೆ ಗುಳ್ಳಕ್ಕ. ದನಿಯಲ್ಲಿ ಸಿಟ್ಟಿಲ್ಲ.

ಕಷ್ಟದ ಕೆಲಸ ಆಮೇಲೆ ಬಂತು. ತೂರಿಬಂದದ್ದು ಏನೆಂದು ತಿಳಿಯಲು ಅದರ ಕೆಳಗೆ ತಗಡಿಗೆ ಬಿದ್ದ ಗುಳಿಯನ್ನು ಪರೀಕ್ಷಿಸಬೇಕು. ಅದಕ್ಕೆ ತೂತಿನ ಸುತ್ತಲಿನ ಹಾಳೆಯನ್ನು ಕತ್ತರಿಸಿ, ಸುಕ್ಕಾಗದಂತೆ ಬಿಡಿಸಬೇಕು. ಮೇಷ್ಟ್ರು ಕೇಳಲು ಮುಜುಗರಪಡುತ್ತಿದ್ದಾರೆಂದು ಗೊತ್ತಾಗಿ ಗುಳ್ಳಕ್ಕನೇ ಬ್ಲೇಡಿಗೆ ಕೈಚಾಚುತ್ತಾರೆ. ಅತ್ತಿಗೆ ಅಂಟಿಸಿದ್ದು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಮೂಗಿನಲ್ಲಿ ಎಳೆದುಕೊಂಡು, ಹಿಡಿದು, ಬ್ಲೇಡನ್ನು ಒಂದಿಷ್ಟು ಸರಿಸಿ, ಪಕ್ಕಕ್ಕೆ ತಿರುಗಿ ಬಿಡುತ್ತಾರೆ. ಹೀಗೆ ಎಷ್ಟೋ ಸಲ. ಉಗುರಿನಷ್ಟು ಅಗಲದ ಆ ಚೂರು ಕೊನೆಗೆ ಮೇಲೆದ್ದಾಗ ಅದರ ಬೆನ್ನನ್ನು ಬೆಳಕಿಗೆ ಹಿಡಿದು, "ನೋಡಿ, ಅಂಟು ಎಷ್ಟು ಸಮ ಇದೆ. ಒಂದೇ ಒಂದು ಗುಳ್ಳೆ ಇಲ್ಲ. ಉಸಿರು ಕಟ್ಟಿಹೋಗ್ತಿತ್ತು ಅವರಿಗೆ, ಆದ್ರೂ ಇಲ್ಲಿ ಒಂದು ಚೂರೂ ಬಿಟ್ಟಿಲ್ಲ," ಎಂದು ನನಗೆ, ಮೇಷ್ಟ್ರಿಗೆ, ಬಾಗಿಲಲ್ಲಿ ನಿಂತಿದ್ದ ಕಸ ಗುಡಿಸುವವರಿಗೆ, ಎಲ್ಲರಿಗೂ ತೋರಿಸುತ್ತಾರೆ.

ಸಂಜೆ ಅವರ ಜೊತೆ ಅಣ್ಣನ ಮನೆಗೆ ಹೋಗುತ್ತೇನೆ. ಲಿಫ್ಟ್ ರಿಪೇರಿಯ ಕೆಲಸ ಅಣ್ಣನದು. ಕೈ ತೊಳೆದು ಬಂದು, ಟವಲ್ಲಿನಲ್ಲಿ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತು, ತಂಗಿಯ ಮುಖವನ್ನೇ ನೋಡುತ್ತಾರೆ. "ಸಿಕ್ಕಿದ್ದೇ ಅಣ್ಣ. ಉಸಿರಲ್ಲ," ಎನ್ನುತ್ತಾರೆ ಗುಳ್ಳಕ್ಕ. ಅಣ್ಣ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಾರೆ.

"ಅವಳಿಗೆ ಗೊತ್ತಾಗಿದ್ರೆ ಚೆನ್ನಾಗಿತ್ತು ಕಣೇ," ಎನ್ನುತ್ತಾರೆ.

"ನಾನು ಹಾಗೆ ಅನ್ಬಾರ್ದಿತ್ತು ಅಣ್ಣ ಅವತ್ತು."

"ನೀನು ಅಂದಿದ್ದಕ್ಕೆ ಅವಳು ಮನೆಗ್ ಬಂದು ಎಷ್ಟು ನಕ್ಕಿದ್ಲು ಗೊತ್ತಾ? 'ನಿನ್ ತಂಗಿ ಕೊನೆಗೂ ಸೇಡು ತೀರಿಸ್ಕೊಂಡ್ಲು' ಅಂತ. ಅದಲ್ಲ ಅವಳನ್ನ ಕಾಡಿದ್ದು. ಕೈ ಹೋಯ್ತಲ್ಲ ಅಂತ. ನಿನ್ನ ಮಾತಲ್ಲ." ಅಣ್ಣ ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲವೋ, ಗುಳ್ಳಕ್ಕ ಯಾಕೆ ಕೇಳಲಿಲ್ಲವೋ. ಒಂದೇ ಮನೆಯಲ್ಲಿದ್ದವರು. ಅವರಿಬ್ಬರನ್ನು ಅಲ್ಲೇ ಬಿಟ್ಟು ನಾನು ಹೊರಗೆ ಬಂದು ನಿಲ್ಲುತ್ತೇನೆ. ಮೇಲಿನ ಮನೆಯವರು ಒಣಹಾಕಿದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದೆ.

ಈ ಬರಹ ಮುಗಿಸುವ ಹೊತ್ತಿಗೆ ಗುಳ್ಳಕ್ಕನ ಫೋನು ಬಂತು. ಗುಳಿಯ ಪರೀಕ್ಷೆ ಮುಗಿದಿದೆ. ಧೂಮಕೇತುವಿನ ಧೂಳಿರಬಹುದು, ಎಲ್ಲಿಂದಲೋ ಹೊರಟು ಬಂದದ್ದಿರಬಹುದು ಎಂದು ನಾನು ಇಲ್ಲಿ ಬರೆಯಲು ಒಂದು ಚೆಂದದ ಸಾಲನ್ನೇ ಹೊಂದಿಸಿಕೊಂಡಿದ್ದೆ. ಅದು ಬಣ್ಣ. ಯಾವುದೋ ಹಳೆಯ ರಾಕೆಟ್ಟಿನ ಹೊರಮೈಯಿಂದ ಎದ್ದುಬಂದ, ಉಪ್ಪಿನ ಹರಳಿಗಿಂತ ಸಣ್ಣ ಬಿಳಿ ಬಣ್ಣದ ಚಕ್ಕೆ.

ನಕ್ಷತ್ರದ ಧೂಳಲ್ಲ ಎಂದು ಬೇಜಾರಾಯಿತೇ ಎಂದು ಕೇಳಿದೆ.

"ಯಾಕೆ ಬೇಜಾರು? ಆ ಬಣ್ಣಾನ ಯಾರೋ ಬಳಿದಿರ್ತಾರಲ್ವಾ, ಏಣಿ ಹತ್ತಿ, ಬ್ರಷ್ ಹಿಡ್ಕೊಂಡು?" ಆ ಕಡೆ ಗಾಳಿ ಸೋಸುವ ಯಂತ್ರ ಗುಂಯ್‌ಗುಡುತ್ತಿತ್ತು. "ಬದುಕಿದ್ರೆ ಅವರನ್ನ ಒಂದು ಸಲ ನೋಡ್ಬೇಕು ಅಂತ ಆಸೆ. ಜಾಸ್ತಿ ಏನೂ ಮಾತಿಲ್ಲ. 'ನಿಮ್ಮ ಬಣ್ಣ ಎದ್ದು ಬಂದಿದೆ, ಆದ್ರೆ ಅದು ನಿಮ್ಮ ಕೈ ತಪ್ಪಲ್ಲ, ಅಂಥ ಬಿಸಿಲಿಗೆ ಯಾರು ಬಳಿದಿದ್ರೂ ಏಳ್ತಿತ್ತು' ಅಂತ ಹೇಳ್ಬೇಕು. ಅವರು ಇರೋವಾಗ್ಲೇ ಯಾರಾದ್ರೂ ಹೇಳ್ಬೇಕಲ್ವಾ?"